ಸರಸಳ ತಟ್ಟೆಯಲ್ಲಿ ಮುದ್ದೆ ಇರಲಿಲ್ಲ

ಕೊರಟಗೆರೆಯ ಸಂತೆ ಬಯಲಿನ ಪಕ್ಕದಲ್ಲಿ ಶಂಕರಲಿಂಗಪ್ಪನ ಊಟದ ಮನೆ ಇತ್ತು. ಬೋರ್ಡು ಗೀರ್ಡು ಏನೂ ಇರಲಿಲ್ಲ. ಮಧುಗಿರಿ ಕಡೆಯಿಂದ ತುಮಕೂರಿಗೆ ಕಾಳು ಸಾಗಿಸುವ ಗಾಡಿಯವರು ಹೊಂಗೆಮರದ ನೆರಳಿನಲ್ಲಿ ಎತ್ತು ಬಿಚ್ಚಿ, "ಜಗದಾಂಬಮ್ಮನ ಮನೇಲಿ ಮುದ್ದೆ ಉಂಡು ಹೋಗಾನ" ಅನ್ನುತ್ತಿದ್ದರು. ಜಗದಾಂಬ ಶಂಕರಲಿಂಗಪ್ಪನ ಹೆಂಡತಿ. ಬೆಳಗಿನಿಂದ ಮಧ್ಯಾಹ್ನದವರೆಗೆ ಒಲೆಯ ಮುಂದೆ ನಿಂತು ರಾಗಿಹಿಟ್ಟು ತಿರುವಿ, ಬಿಸಿ ಬಿಸಿ ಮುದ್ದೆ ಕಟ್ಟಿ, ಅವರೆಕಾಳಿನ ಸಾರಿನ ಜೊತೆ ಬಡಿಸುವುದು ಅವಳ ಕೆಲಸ. ಆ ಕೆಲಸದ ನಡುವೆಯೇ ಅವಳು ಎಲ್ಲರನ್ನೂ ಏನಾದರೂ ಕೇಳುತ್ತಿದ್ದಳು. ಗಾಡಿಯವನನ್ನು, "ನಿಮ್ ಎತ್ತು ಮಲಗಿದ್ದಾಗ ಕನಸು ಕಾಣ್ತದಾ?" ಎಂದು ಕೇಳುವಳು. ಮೋಟಾರು ಬಸ್ಸಿನ ಡ್ರೈವರನ್ನು, "ಆ ಎಣ್ಣೆ ಹುಯ್ತೀರಲ್ಲಾ, ಉರಿದ ಮ್ಯಾಲೆ ಅದು ಎಲ್ಲಿಗೆ ಹೋಯ್ತದೆ?" ಎನ್ನುವಳು. ಕೆಲವರು ನಗುತ್ತಿದ್ದರು, ಕೆಲವರು ಮುದ್ದೆ ಮುರಿಯುವುದನ್ನು ನಿಲ್ಲಿಸಿ ಯೋಚನೆಗೆ ಬೀಳುತ್ತಿದ್ದರು. ಶಂಕರಲಿಂಗಪ್ಪ ಮಾತ್ರ, "ಬಂದೋರು ಉಣ್ಣಲಿ ಬುಡೇ, ಪರೀಕ್ಷೆ ಮಾಡ್ಬ್ಯಾಡ" ಎಂದು ಗದರುತ್ತಿದ್ದ.

ಇದೆಲ್ಲ ನನಗೆ ಹೇಳಿದವರು ಆ ಜಗದಾಂಬಳ ಮಗಳು ಸರಸಮ್ಮ. ನನಗೆ ಅವರ ಪರಿಚಯವಾಗುವ ಹೊತ್ತಿಗೆ ಅವರಿಗೆ ಮೊಮ್ಮಕ್ಕಳಿದ್ದರು. ಆದರೆ ಈ ಕಥೆಯಲ್ಲಿ ಸರಸಮ್ಮ ಇನ್ನೂ ಸರಸ, ಐದು ತುಂಬಿದ ಹುಡುಗಿ. ಸಾವಿರದ ಒಂಬೈನೂರ ಮೂವತ್ತಮೂರೋ ಏನೋ ಇರಬೇಕು. ಮದುವೆಯಾಗಿ ಬಹಳ ವರ್ಷ ಮಕ್ಕಳಿಲ್ಲದೆ ಹುಟ್ಟಿದ ಒಬ್ಬಳೇ ಮಗಳು.

ಒಂದು ಸಂತೆಯ ದಿನ ಸರಸ ಉಣ್ಣುವವರಿಗೆ ನೀರು ಕೊಡಲು ಚೊಂಬು ಹಿಡಿದು ಬಂದವಳು ಹಾಗೇ ನಿಂತುಬಿಟ್ಟಳು. ಕಣ್ಣು ಒಂದೇ ಕಡೆ ನೆಟ್ಟಿತು. ಚೊಂಬು ಕೈಯಿಂದ ಜಾರಿತು, ಅದರ ಹಿಂದೆಯೇ ಅವಳೂ ಬಿದ್ದಳು. ಕೈಕಾಲು ಸೆಟೆದು ಅದುರತೊಡಗಿದವು, ಬಾಯಲ್ಲಿ ನೊರೆ ಬಂತು. ಯಾರೋ ಓಡಿಬಂದು ಅವಳ ಅಂಗೈಯಲ್ಲಿ ಕಬ್ಬಿಣದ ಬೀಗದಕೈ ಇಟ್ಟರು, ಇನ್ಯಾರೋ ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು. ಸ್ವಲ್ಪ ಹೊತ್ತಿಗೆ ಎಲ್ಲ ನಿಂತು ಮಗು ನಿದ್ದೆ ಹೋಯಿತು. ಊಟಕ್ಕೆ ಕುಳಿತವರಲ್ಲಿ ಕೆಲವರು ತಟ್ಟೆ ಬಿಟ್ಟು ಎದ್ದು ಹೋದರು.

ಅಲ್ಲಿಂದ ಮುಂದೆ ಅದು ಬಿಡಲಿಲ್ಲ. ದೊಡ್ಡದಾಗಿ ಬೀಳುವುದು ಆಗೊಮ್ಮೆ ಈಗೊಮ್ಮೆ. ಮಾತಾಡುತ್ತಾ ಮಾತಾಡುತ್ತಾ ಗಕ್ಕನೆ ನಿಂತು ಶೂನ್ಯ ನೋಡುವುದು ದಿನವೂ ಹಲವು ಸಲ. ಶಂಕರಲಿಂಗಪ್ಪನ ತಾಯಿ ಸರ್ವಮಂಗಳಮ್ಮ ತನಗೆ ಗೊತ್ತಿದ್ದುದನ್ನೆಲ್ಲ ಮಾಡಿಸಿದಳು. ನಾಗಲಮಡಿಕೆಯ ಸುಬ್ರಹ್ಮಣ್ಯನಿಗೆ ಹರಕೆ ಹೊತ್ತು ಹೋಗಿಬಂದರು. ತಾಯಿತ ಕಟ್ಟಿಸಿದರು. ಬರೆ ಹಾಕುವವನನ್ನು ಕರೆಸಿ ಮಗುವಿನ ನೆತ್ತಿಯ ಹತ್ತಿರ ಒಂದು ಬರೆಯನ್ನೂ ಹಾಕಿಸಿದರು. ಆವತ್ತು ಸರಸ ಕಿರುಚಿದ್ದು ಕೇಳಿ ಜಗದಾಂಬ ಒಲೆಯ ಬೆಂಕಿಗೆ ನೀರು ಸುರಿದು ಹೊರಗೆ ಬಂದಳು. ಬರೆಯವನಿಗೆ, "ಇನ್ನೊಂದ್ ಸಲ ನೀನು ಈ ಹೊಸ್ಲು ದಾಟಿದ್ರೆ ಅದೇ ಕಂಬೀಲಿ ನಿಂಗೂ ಹಾಕ್ತೀನಿ" ಎಂದಳು. ಅತ್ತೆಯ ಎದುರಿಗೆ ಅವಳು ದನಿ ಎತ್ತಿದ್ದು ಅದೇ ಮೊದಲು.

ಆಮೇಲೆ ಮಧುಗಿರಿಯ ಆಸ್ಪತ್ರೆಗೆ ಹೋದರು. ಅಲ್ಲಿನ ಡಾಕ್ಟರು ನಂದೀಶ್ವರಯ್ಯ ಎಂಬವರು, ಮೆತ್ತನೆ ಮಾತಿನ ಮನುಷ್ಯ. ಮಗುವನ್ನು ಚೆನ್ನಾಗಿ ನೋಡಿ, ಇದು ದೆವ್ವವೂ ಅಲ್ಲ ಶಾಪವೂ ಅಲ್ಲ, ಮಿದುಳಿನ ಕಾಯಿಲೆ ಎಂದು ತಿಳಿಸಿ, ಬ್ರೋಮೈಡ್ ಬೆರೆಸಿದ ಉಪ್ಪುಪ್ಪು ಔಷಧಿ ಬಾಟಲಿ ಕೊಟ್ಟರು. ಬೀಳುವುದು ಸ್ವಲ್ಪ ಕಡಿಮೆಯಾಯಿತು. ಆದರೆ ಸರಸ ದಿನವೆಲ್ಲ ತೂಕಡಿಸತೊಡಗಿದಳು. ಮುಖದ ತುಂಬ ಗುಳ್ಳೆ ಎದ್ದವು. ಹಾಡು ಹೇಳುತ್ತಿದ್ದ ಹುಡುಗಿ ಗೋಡೆಗೊರಗಿ ಜೊಲ್ಲು ಸುರಿಸುತ್ತಾ ಕೂರುವಂತಾಯಿತು.

ಆ ವರ್ಷ ಸುಗ್ಗಿ ಮುಗಿಯುವಾಗ ಊರಲ್ಲಿ ಮಕ್ಕಳಿಗೆ ಅಮ್ಮ ಎದ್ದಿತು. ಸರಸಳಿಗೂ ಮೈಯೆಲ್ಲ ನೀರುಗುಳ್ಳೆ, ಬಾಯೊಳಗೂ ಗುಳ್ಳೆ. ಏನೂ ನುಂಗಲಾರಳು. ದಿನಗಟ್ಟಲೆ ಬರೀ ನೀರು, ಮೇಲೆ ತೆಳ್ಳನೆ ಮಜ್ಜಿಗೆ. ಬಾಟಲಿಯ ಔಷಧಿಯನ್ನೂ ಉಗುಳಿಬಿಡುತ್ತಿದ್ದಳು. ಹೀಗಿರುವಾಗ ಮಗುವಿನ ಪಕ್ಕದಲ್ಲಿ ಬೇವಿನ ಸೊಪ್ಪು ಬೀಸುತ್ತಾ ಕುಳಿತಿದ್ದ ಜಗದಾಂಬಳಿಗೆ ಒಂದು ಸಂಗತಿ ಹೊಳೆಯಿತು. ಮಗು ನೋವಿನಲ್ಲಿದೆ, ನಿಜ. ಆದರೆ ಎಷ್ಟೋ ದಿನದಿಂದ ಒಮ್ಮೆಯೂ ಶೂನ್ಯ ನೋಡಿಲ್ಲ, ಒಮ್ಮೆಯೂ ಸೆಟೆದುಕೊಂಡಿಲ್ಲ.

"ಅಮ್ಮ ಮೈಮ್ಯಾಲೆ ಅವ್ಳೆ ಕಣೇ," ಎಂದಳು ಸರ್ವಮಂಗಳಮ್ಮ. "ಅವ್ಳಿರೋ ತಾವ್ಕೆ ಇನ್ನೊಂದು ಪೀಡೆ ಬತ್ತದಾ?"

ಜಗದಾಂಬ ಆ ಮಾತನ್ನು ತಳ್ಳಿಹಾಕಲಿಲ್ಲ. ಇದ್ದರೂ ಇರಬಹುದು ಎಂದುಕೊಂಡಳು. ಗುಳ್ಳೆ ಒಣಗಿ, ಮಗು ಗಂಜಿ ಕುಡಿಯಲು ಶುರುಮಾಡಿದ ಮೇಲೆ ಹಳೆಯದೆಲ್ಲ ಮರಳಿ ಬಂತು. ಅತ್ತೆಯ ಲೆಕ್ಕದಲ್ಲಿ ಅಮ್ಮ ಹೊರಟುಹೋಗಿದ್ದಳು, ಪೀಡೆ ಬಂದಿತ್ತು. ಆದರೆ ಜಗದಾಂಬಳ ತಲೆಯಲ್ಲಿ ಇನ್ನೊಂದು ಪ್ರಶ್ನೆ ಕೊರೆಯುತ್ತಿತ್ತು. ಅಮ್ಮ ಹೋದದ್ದೂ ಹೌದು, ಗಂಜಿ ಬಂದದ್ದೂ ಹೌದು. ಎರಡರಲ್ಲಿ ಯಾವುದು?

ಕೆಲವೇ ದಿನಕ್ಕೆ ಶಿವರಾತ್ರಿ ಬಂತು. ಚಿಕ್ಕ ಮಕ್ಕಳಿಗೆ ಆ ಮನೆಯಲ್ಲಿ ಉಪವಾಸ ಹಿಡಿಸುತ್ತಿರಲಿಲ್ಲ. ಈ ಸಲ ಜಗದಾಂಬ ಮಗಳಿಗೂ ಹಿಡಿಸಿದಳು. ಮಾರನೆಯ ದಿನವೂ ಮಗುವಿಗೆ ಹಸಿವಿಲ್ಲವೆಂದು ಮನೆಯವರಿಗೆ ನೆಪ ಹೇಳಿ ನೀರುಮಜ್ಜಿಗೆಯನ್ನಷ್ಟೇ ಕೊಟ್ಟಳು. ಜ್ವರವಿಲ್ಲ, ಗುಳ್ಳೆಯಿಲ್ಲ, ಅಮ್ಮನೂ ಇಲ್ಲ. ಉಪವಾಸ ಗಟ್ಟಿಯಾಗುತ್ತಿದ್ದಂತೆ ಮೂರ್ಛೆ ನಿಂತಿತು. ಊಟ ಕೊಟ್ಟ ಮೇಲೆ ಬಂತು.

ಅವಳು ಗಂಡನಿಗೆ ಹೇಳಿದಳು. ಶಂಕರಲಿಂಗಪ್ಪ ತಲೆ ಕೆರೆದುಕೊಂಡ. "ಅಂದ್ರೆ ಏನು, ಮಗೀನ ಉಪ್ವಾಸ ಕೆಡವಾನ ಅಂತೀಯಾ?"

"ಅಂಗಲ್ಲ ಕಣ್ರೀ. ಯಾಕಂಗಾಯ್ತು ಅಂತ ಕೇಳಾನ. ಡಾಕ್ಟ್ರಿಗೆ ಗೊತ್ತಿರ್ಬೌದು."

ಮಧುಗಿರಿಗೆ ಬಸ್ಸಿನಲ್ಲಿ ಹೋದರು. ನಂದೀಶ್ವರಯ್ಯನವರು ಅವಳ ಮಾತನ್ನು ಪೂರ್ತಿ ಕೇಳಿದರು. ಅಮ್ಮ ಎದ್ದಾಗ ಏನು ಕೊಟ್ಟಿರಿ, ಶಿವರಾತ್ರಿಯಲ್ಲಿ ಹಣ್ಣು ತಿಂದಳೇ, ಮೂರ್ಛೆ ತಿರುಗಿ ಬಂದದ್ದು ಯಾವ ಊಟದ ಮೇಲೆ ಎಂದು ಒಂದೊಂದೇ ಕೇಳಿದರು. ಆಮೇಲೆ ಕುರ್ಚಿಗೆ ಒರಗಿದರು.

"ಅಮ್ಮಾ, ನೀವು ಹೇಳಿದ್ದು ಹೊಸದಲ್ಲ," ಎಂದರು. "ಉಪವಾಸ ಇದ್ದರೆ ಫಿಟ್ಸ್ ನಿಲ್ಲುತ್ತೆ ಅಂತ ಹಳಬರೂ ಕಂಡಿದ್ದಾರೆ. ಅಮೆರಿಕಾದಲ್ಲಿ ಕೆಲವು ಡಾಕ್ಟರುಗಳು ಮಕ್ಕಳಿಗೆ ಅದನ್ನೇ ಮಾಡಿ ನೋಡಿದ್ದಾರಂತೆ. ಎಲ್ಲೋ ಓದಿದ್ದೆ, ಮರೆತಿದ್ದೆ. ನಾನು ಯಾರಿಗೂ ಮಾಡಿಲ್ಲ."

"ಆದ್ರೆ ಉಪ್ವಾಸ ಎಷ್ಟ್ ದಿನ ಇರ್ಸಕಾಯ್ತದೆ ಸ್ವಾಮಿ?"

"ಅದೇ ತಾನೆ ಅವರಿಗೂ ಬಂದ ಪ್ರಶ್ನೆ. ನೋಡಿ, ರಾಗಿ, ಅಕ್ಕಿ, ಬೆಲ್ಲ ಇವೆಲ್ಲ ಮೈಯೊಳಗಿನ ಒಲೆಗೆ ಸೌದೆ ಇದ್ದ ಹಾಗೆ. ಉಪವಾಸ ಇದ್ದಾಗ ಸೌದೆ ತೀರುತ್ತೆ. ಆಗ ಮೈ ತನ್ನ ಕೊಬ್ಬನ್ನೇ ಉರಿಸಿಕೊಳ್ಳುತ್ತೆ. ಹಾಗೆ ಕೊಬ್ಬು ಉರಿಯುವಾಗ ಫಿಟ್ಸ್ ಅಡಗುತ್ತೆ. ಅದಕ್ಕೇ ಅವರು ಏನು ಮಾಡಿದರು ಅಂದರೆ, ಸೌದೆ ಕೊಡೋದನ್ನೇ ನಿಲ್ಲಿಸಿ, ಬೆಣ್ಣೆ ಕೆನೆ ಇಂಥಾ ಜಿಡ್ಡನ್ನೇ ಊಟವಾಗಿ ಕೊಟ್ಟರು. ಹೊಟ್ಟೆ ತುಂಬಿರುತ್ತೆ, ಆದರೂ ಮೈ ತಾನು ಉಪವಾಸ ಇದ್ದೀನಿ ಅಂದುಕೊಳ್ಳುತ್ತೆ."

ಜಗದಾಂಬಳ ಕಣ್ಣು ಅರಳಿತು. "ಮೈಗೇ ಮೋಸ ಮಾಡಾದಾ?"

"ಹೆಚ್ಚೂಕಡಿಮೆ ಹಾಗೇ." ಡಾಕ್ಟರು ನಕ್ಕರು, ಕೂಡಲೇ ಗಂಭೀರವಾದರು. "ಮಾಡಿ ನೋಡಬೇಕು ಅಂತ ನನಗೂ ಆಸೆ ಆಗ್ತಿದೆ. ಆದರೆ ನನ್ನ ಆಸೆ ಬೇರೆ, ನಿಮ್ಮ ಮಗು ಬೇರೆ. ವಾಂತಿ ಆಗಬಹುದು, ಸೊರಗಬಹುದು, ಎತ್ತರ ಬೆಳೆಯೋದು ಕುಂಠಿತ ಆಗಬಹುದು. ಏನೂ ಉಪಯೋಗ ಆಗದೆಯೂ ಹೋಗಬಹುದು. ಮನೆಗೆ ಹೋಗಿ ಯೋಚನೆ ಮಾಡಿ."

ಶಂಕರಲಿಂಗಪ್ಪ ಯೋಚನೆ ಮಾಡಲು ಎದ್ದು ನಿಂತಿದ್ದ. ಜಗದಾಂಬ ಎದ್ದಿರಲಿಲ್ಲ. "ಏನೇನ್ ಕೊಡ್ಬೌದು, ಅದನ್ ಹೇಳಿ" ಎಂದಳು.

ಅಲ್ಲೇ ತೊಡಕು ಬಂದದ್ದು. ಅಮೆರಿಕಾದವರು ಬರೆದಿದ್ದುದು ಮೊಟ್ಟೆ, ಹಂದಿಯ ಕೊಬ್ಬು, ಮಾಂಸ. ಲಿಂಗ ಕಟ್ಟಿದ ಮನೆಯಲ್ಲಿ ಅದರ ಹೆಸರನ್ನೂ ಎತ್ತುವಂತಿಲ್ಲ. ಡಾಕ್ಟರ ಮನೆಯಲ್ಲೂ ಅದೇ ಪದ್ಧತಿಯಾದ್ದರಿಂದ ಅವರಿಗೆ ಬೇರೆ ಹೇಳಬೇಕಾಗಿರಲಿಲ್ಲ. ಇಬ್ಬರೂ ಕುಳಿತು ಕೊರಟಗೆರೆಯ ಅಡಿಗೆಮನೆಯಲ್ಲಿ ಏನು ಸಿಗುತ್ತದೆಂದು ಯೋಚಿಸಿದರು. ಬೆಣ್ಣೆ, ತುಪ್ಪ, ಕೆನೆ. ತೆಂಗಿನಕಾಯಿ ಇದ್ದೇ ಇದೆ. ಎಳ್ಳು, ಸ್ವಲ್ಪ ಕಡಲೇಕಾಯಿ. ಹಾಲು ಒಡೆಸಿ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ. ಸೊಪ್ಪು, ಸೌತೆಕಾಯಿ, ಸೋರೆಕಾಯಿ. ಮುದ್ದೆ ಇಲ್ಲ, ಅನ್ನ ಇಲ್ಲ, ಬೆಲ್ಲ ಇಲ್ಲ, ಬಾಳೆಹಣ್ಣು ಇಲ್ಲ. ಬೇಳೆಯೂ ಹೆಸರಿಗೆ ಮಾತ್ರ.

"ಮುದ್ದೆ ಒಂಚೂರೂ ಇಲ್ವಾ?" ಎಂದು ಶಂಕರಲಿಂಗಪ್ಪ ಕೇಳಿದ. ಡಾಕ್ಟರು ಇಲ್ಲವೆಂದು ತಲೆಯಾಡಿಸಿದರು. ಅವನ ಮುಖ ಬಾಡಿತು. ಮುದ್ದೆ ಇಲ್ಲದ್ದೂ ಒಂದು ಊಟ ಎಂದು ಅವನು ಕೇಳಿರಲಿಲ್ಲ.

ಮೊದಲ ಕೆಲವು ದಿನ ಡಾಕ್ಟರ ಕಣ್ಣೆದುರಿಗೇ ನಡೆಯಬೇಕೆಂದು ತಾಯಿ ಮಗಳು ಆಸ್ಪತ್ರೆಯಲ್ಲಿ ಉಳಿದರು. ಊಟದ ಮನೆಯನ್ನು ಸರ್ವಮಂಗಳಮ್ಮ ನೋಡಿಕೊಂಡಳು. ಸರಸಳಿಗೆ ಮೊದಲು ಬರೀ ನೀರು. ಅವಳು ಅತ್ತಳು, ವಾಂತಿ ಮಾಡಿದಳು, ಸುಸ್ತಾಗಿ ತಾಯಿಯ ತೊಡೆಯ ಮೇಲೆ ಬಿದ್ದುಕೊಂಡಳು. ಡಾಕ್ಟರು ದಿನವೂ ಅವಳ ಮೂತ್ರವನ್ನು ಗಾಜಿನ ಕೊಳವೆಗೆ ಹಾಕಿ, ಏನೋ ಪುಡಿ ಬೆರೆಸಿ, ಮೇಲೆ ಘಾಟು ನೀರು ಬಿಟ್ಟು ನೋಡುತ್ತಿದ್ದರು.

"ಇದು ಕಲಾಯಿ ಹಾಕೋವಾಗ ಬರೋ ವಾಸ್ನೆ," ಎಂದಳು ಜಗದಾಂಬ ಮೂಗು ಮುಚ್ಚಿಕೊಂಡು. ಅವರ ಮನೆಯ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕಲು ಸಿರಾದಿಂದ ಕಲಂದರ್ ಎಂಬವನು ಬರುತ್ತಿದ್ದ. ಅವನು ನವಸಾಗರದ ಪುಡಿ ಉದುರಿಸಿದಾಗ ಇದೇ ಘಾಟು ಏಳುತ್ತಿತ್ತು.

"ಸರಿಯಾಗಿ ಹೇಳಿದಿರಿ, ಹತ್ತಿರದ ನೆಂಟನೇ. ಈಗ ಇಲ್ಲಿ ನೋಡಿ."

ಕೊಳವೆಯಲ್ಲಿ ಎರಡು ನೀರು ಸೇರುವ ಕಡೆ ಒಂದು ಉಂಗುರ ಮೂಡುತ್ತಿತ್ತು. ಮೊದಲು ಮಸುಕಾಗಿ, ನೋಡನೋಡುತ್ತಾ ಗಾಢವಾಗಿ, ನೇರಳೆಹಣ್ಣು ತಿಂದ ನಾಲಿಗೆಯ ಬಣ್ಣ. ಮೈ ಕೊಬ್ಬು ಉರಿಸುತ್ತಿದೆ ಎಂಬುದಕ್ಕೆ ಅದೇ ಗುರುತು ಎಂದು ಡಾಕ್ಟರು ವಿವರಿಸಿದರು. ಜಗದಾಂಬ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಆ ಬಣ್ಣ ಮಾಸುವವರೆಗೂ ನೋಡಿದಳು. ಆಮೇಲೆ ಸಂಕೋಚಪಡುತ್ತಾ ಕೇಳಿದಳು, "ನಂದೂ ಅಂಗೇ ಬತ್ತದಾ ಡಾಕ್ಟ್ರೇ?"

ಅವಳೂ ಮಗಳ ಜೊತೆಗೆ ಅದೇ ಊಟ ಹಿಡಿದಿದ್ದಳು. ಆರು ವರ್ಷದ ಮಗುವಿಗೆ ಕೊಡುವುದನ್ನು ತಾನು ತಿನ್ನದೆ ಹೇಗೆ ಅರಿಯುವುದು ಎಂಬುದು ಅವಳ ವಾದ. ಅವಳದ್ದೂ ನೇರಳೆಯಾಯಿತು. ಅದನ್ನು ಅವಳು ಸಾಯುವವರೆಗೂ ಹೆಮ್ಮೆಯಿಂದ ಹೇಳುತ್ತಿದ್ದಳಂತೆ.

ಊರಿಗೆ ಬಂದ ಮೇಲೆ ನಿಜವಾದ ಕಷ್ಟ ಶುರುವಾಯಿತು. ಒಂದು ಕಡೆ ಗಾಡಿಯವರ ತಟ್ಟೆಗಳಲ್ಲಿ ಹೊಗೆಯಾಡುವ ಮುದ್ದೆ, ಇನ್ನೊಂದು ಕಡೆ ಸರಸಳ ತಟ್ಟೆಯಲ್ಲಿ ತುಪ್ಪದಲ್ಲಿ ಮುಳುಗಿದ ಸೊಪ್ಪು. ಮಗು ತಟ್ಟೆ ತಳ್ಳುತ್ತಿತ್ತು. "ಊರಿಗೆಲ್ಲಾ ಮುದ್ದೆ ಇಕ್ಕೋಳು, ಹೆತ್ತ ಮಗೀಗೆ ಇಲ್ಲ ಅಂತೀಯಲ್ಲೇ" ಎಂದು ಗಂಡ ಗೊಣಗಿದ. ಜಗದಾಂಬ ತೆಂಗಿನಕಾಯಿ ತುರಿದಳು. ನುಣ್ಣಗೆ ರುಬ್ಬಿ ಹಿಂಡಿ, ಹುರಿದ ಎಳ್ಳಿನ ಪುಡಿ ಸೇರಿಸಿ, ಬೆಣ್ಣೆ ಹಾಕಿ ನಾದಿ ಉಂಡೆ ಕಟ್ಟಿದಳು. ಸೊಪ್ಪಿನ ಸಾರಿನ ತಿಳಿಯಲ್ಲಿಟ್ಟು, "ಇದು ಬಿಳಿ ಮುದ್ದೆ, ನಿಂಗೊಬ್ಳಿಗೇ" ಎಂದು ಕೊಟ್ಟಳು. ಸರಸ ಅನುಮಾನದಿಂದ ಮುರಿದು ಬಾಯಿಗಿಟ್ಟಳು. "ಚೆನ್ನಾಗಿಲ್ಲ" ಎಂದಳು. ಆದರೂ ತಿಂದಳು.

ಬೆಣ್ಣೆ ತರುತ್ತಿದ್ದವಳು ಹನುಮಕ್ಕ. ನಿಡುಗಲ್ಲಿನ ಕಡೆಯಿಂದ ಇಲ್ಲಿಗೆ ಮದುವೆಯಾಗಿ ಬಂದವಳು, ಅವಳ ಮಾತಿನಲ್ಲಿ ಅರ್ಧ ತೆಲುಗು. ಒಂದು ದಿನ ಮಡಕೆ ಇಳಿಸಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಏಮಮ್ಮಾ, ಅನ್ನ ಇಲ್ದಂಗೆ ಬೆಣ್ಣೆ ತಿನ್ನೋ ಮಗೀನ ನಾನು ಯಾಡಾ ಚೂಡ್ಲೇದು ತಲ್ಲೀ, ಎಲ್ಲೂ ನೋಡಿಲ್ಲ. ಕೃಷ್ಣನಾದ್ರೂ ಜೊತೇಗೆ ಒಸಿ ಅನ್ನ ಉಂಡಿರ್ತಾನೆ."

ಇನ್ನೊಂದು ಪೇಚು ಸರಸಳ ಬಾಯಿಯ ವಾಸನೆಯದು. ಈ ಊಟ ಹಿಡಿದವರ ಉಸಿರು ಹಣ್ಣಾದ ಹಣ್ಣಿನ ಹಾಗೆ ಘಮ್ಮೆನ್ನುತ್ತದೆ. ಸರ್ವಮಂಗಳಮ್ಮನಿಗೆ ಅದು ಗೊತ್ತಿರಲಿಲ್ಲ. ಮೊಮ್ಮಗಳ ಬಾಯಿ ಮೂಸಿ, ಸೀತಾಫಲ ಕದ್ದು ತಿಂದಿದ್ದಾಳೆಂದು ಹಿಡಿದುಕೊಂಡಳು. "ನಿಜ ಹೇಳೇ, ಯಾರ್ ಕೊಟ್ರು?" ಎಂದು ಕೇಳಿದರೆ ಮಗು ಅಳುತ್ತಾ ಯಾರೂ ಕೊಟ್ಟಿಲ್ಲ ಎನ್ನುತ್ತಿತ್ತು. ಜಗದಾಂಬ ಬಂದು ತನ್ನ ಬಾಯನ್ನೂ ಅತ್ತೆಯ ಮೂಗಿನ ಮುಂದೆ ತೆರೆದಳು. ಅಜ್ಜಿ ಎರಡೂ ಬಾಯಿ ಮೂಸಿ, "ಶಿವಾ, ತಾಯಿ ಮಗ್ಳು ಇಬ್ರೂ ಕಳ್ಳೀರೇ" ಎಂದು ಬೆರಗಾದಳು.

ವಾರಗಳು ಕಳೆದಂತೆ ಮೂರ್ಛೆ ಕಡಿಮೆಯಾಯಿತು. ಬೀಳುವುದು ನಿಂತೇ ಹೋಯಿತು. ಶೂನ್ಯ ನೋಡುವುದು ಎಲ್ಲೋ ಒಂದೊಂದು ಸಲ. ಡಾಕ್ಟರು ಬ್ರೋಮೈಡನ್ನು ಇಳಿಸುತ್ತಾ ಬಂದರು. ತೂಕಡಿಕೆ ಹೋಯಿತು. ಒಂದು ಬೆಳಿಗ್ಗೆ ಸರಸ ಅಂಗಳದಲ್ಲಿ ನಿಂತು, "ಅವ್ವಾ, ಇರುವೆಗೂ ಇರುವೆಗೂ ಜಗಳ ಆದ್ರೆ ಯಾರು ಬುಡಿಸ್ತಾರೆ?" ಎಂದು ಕೇಳಿದಳು. ಜಗದಾಂಬ ಹಿಟ್ಟಿನ ಕೈಯಲ್ಲೇ ಬಂದು ಮಗಳನ್ನು ಅಪ್ಪಿಕೊಂಡು ಅತ್ತುಬಿಟ್ಟಳು. ಅಷ್ಟು ದಿನ ಆ ಮಗು ಏನನ್ನೂ ಕೇಳಿರಲಿಲ್ಲ.

ಆದರೆ ಮುದ್ದೆಯ ಆಸೆ ಹೋಗಿರಲಿಲ್ಲ. ಜಗದಾಂಬ ಕೆರೆಗೆ ಬಟ್ಟೆ ಒಗೆಯಲು ಹೋದ ಒಂದು ಮಧ್ಯಾಹ್ನ ಸರಸ ಅಜ್ಜಿಯ ಸೆರಗು ಹಿಡಿದು ಗೋಗರೆದಳು. ಸರ್ವಮಂಗಳಮ್ಮನ ಕರುಳು ಕರಗಿತು. ಮಗು ಈಗ ಚೆನ್ನಾಗೇ ಇದೆಯಲ್ಲ, ಇಷ್ಟು ಕೊಟ್ಟರೆ ಏನಾದೀತು ಎಂದು ಸಾರಿನಲ್ಲಿ ಅದ್ದಿ ಒಂದಿಷ್ಟು ಮುದ್ದೆ ತಿನ್ನಿಸಿದಳು. ಮಗು ಕಣ್ಣು ಮುಚ್ಚಿಕೊಂಡು ನುಂಗಿ, ಇನ್ನೂ ಬೇಕು ಎಂದಿತು. ಇನ್ನೂ ಕೊಟ್ಟಳು. ಸಂಜೆ ಹಿತ್ತಲಲ್ಲಿ ಆಡುತ್ತಿದ್ದ ಸರಸ ಬಿದ್ದಳು. ಬಿದ್ದದ್ದು ನೀರು ಕಾಯಿಸುವ ಒಲೆಯ ಪಕ್ಕದಲ್ಲಿ. ಎಡಗೈ ಕೆಂಡಕ್ಕೆ ತಗುಲಿ ಸುಟ್ಟಿತು. ಸರಸಮ್ಮನ ಮಣಿಕಟ್ಟಿನ ಮೇಲೆ ಆ ಕಲೆಯನ್ನು ನಾನೂ ನೋಡಿದ್ದೇನೆ.

ಜಗದಾಂಬ ಮಗಳ ಕೈಗೆ ತಣ್ಣೀರು ಹಾಕುತ್ತಿರುವಾಗ ಸರ್ವಮಂಗಳಮ್ಮ ತಾನೇ ಬಂದು ಹೇಳಿದಳು. "ನಾನೇ ಕಣಮ್ಮ. ನಾನೇ ಉಣ್ಸಿದೆ. ಬಯ್ಯಿ ನಂಗೆ."

ಜಗದಾಂಬ ಬಯ್ಯಲಿಲ್ಲ. "ಎಷ್ಟ್ ಕೊಟ್ರಿ ಅತ್ತೆ? ಕೊಟ್ಟು ಎಷ್ಟ್ ಹೊತ್ತಾಗಿತ್ತು?" ಎಂದು ಕೇಳಿದಳು. ಅತ್ತೆ ಅವಳ ಮುಖವನ್ನೇ ನೋಡಿದಳು. ಆ ಪ್ರಶ್ನೆ ಬೈಗುಳಕ್ಕಿಂತ ಹೆಚ್ಚು ನಾಟಿರಬೇಕು. ಅಂದಿನಿಂದ ಮೊಮ್ಮಗಳ ಕಾವಲಿಗೆ ಅಜ್ಜಿಯೇ ನಿಂತಳು. ಯಾರ ಮನೆಯ ಪ್ರಸಾದವಾದರೂ ಕಣ್ಣಿಗೊತ್ತಿಕೊಳ್ಳಲು ಮಾತ್ರ ಸರಸಳಿಗೆ ಬಿಟ್ಟು, ಬಾಯಿಗೆ ಹೋಗದಂತೆ ತಾನೇ ತೆಗೆದುಕೊಳ್ಳುತ್ತಿದ್ದಳು. ಗಾಡಿಯವನೊಬ್ಬ ಪ್ರೀತಿಯಿಂದ ಮಗುವಿಗೆ ಬೆಲ್ಲದ ಚೂರು ಕೊಡಲು ಹೋಗಿ ಅವಳಿಂದ ಉಗಿಸಿಕೊಂಡು, ಆಮೇಲೆ ಆ ಮನೆಗೆ ಬರುವಾಗ ಬೆಲ್ಲದ ಮಾತೇ ಎತ್ತುತ್ತಿರಲಿಲ್ಲವಂತೆ.

ಹೀಗೆ ಎರಡು ವರ್ಷಕ್ಕೂ ಮೇಲೆ ನಡೆಯಿತು. ಸುಲಭವಾಗಿಯೇನೂ ಅಲ್ಲ. ಮಗುವಿಗೆ ಮಲಬದ್ಧತೆಯ ಕಾಟ. ಓರಗೆಯವರೆಲ್ಲ ಉದ್ದವಾದರೂ ಸರಸ ಗಿಡ್ಡಗೇ ಉಳಿದಳು. ಅವಳು ಶಾಲೆಗೆ ಹೋದಳು, ಮಗ್ಗಿ ಕಲಿತಳು, ಗೆಳತಿಯರಿಗೆ ಬಿಳಿ ಮುದ್ದೆ ತೋರಿಸಿ ಜಂಬ ಕೊಚ್ಚಿದಳು. ಕೊನೆಗೆ ನಂದೀಶ್ವರಯ್ಯನವರು ಒಂದಿಷ್ಟಿಷ್ಟೇ ಧಾನ್ಯ ಶುರುಮಾಡೋಣ ಎಂದರು. ಮೊದಲ ದಿನ ಜಗದಾಂಬ ನೆಲ್ಲಿಕಾಯಿಯಷ್ಟು ಮುದ್ದೆ ಕಟ್ಟಿ ಮಗಳ ತಟ್ಟೆಯಲ್ಲಿಟ್ಟಳು. ಮನೆಮಂದಿಯೆಲ್ಲ ಸುತ್ತ ಕುಳಿತು ಉಸಿರು ಬಿಗಿಹಿಡಿದು ನೋಡಿದರು. ಏನೂ ಆಗಲಿಲ್ಲ. ಮುಂದೆ ಮುದ್ದೆ ದೊಡ್ಡದಾಗುತ್ತಾ ಹೋಯಿತು. ಮೂರ್ಛೆ ತಿರುಗಿ ಬರಲಿಲ್ಲ.

ಕಲಾಯಿ ಕಲಂದರ್ ಇದನ್ನೆಲ್ಲ ತನ್ನ ತಿದಿಯ ಪಕ್ಕದಿಂದ ನೋಡುತ್ತಾ ಬಂದಿದ್ದ. ಒಂದು ದಿನ ಕೆಲಸ ಮುಗಿಸಿ, ಕೈ ಒರೆಸಿಕೊಂಡು, "ಅಮ್ಮಾ, ನಮ್ದೂ ಒಂದು ಬೇಟಿ ಐತೆ, ಹಮೀದಾ. ಅದ್ಕೂ ಇದೇ ಬೀಮಾರಿ" ಎಂದ. ಇಷ್ಟು ವರ್ಷ ಏಕೆ ಹೇಳಲಿಲ್ಲ ಎಂದರೆ, "ನಿಮ್ದು ಏನಾಗ್ತದೆ ನೋಡಾಣ ಅಂತ" ಎಂದು ತಲೆ ತಗ್ಗಿಸಿದ.

ಜಗದಾಂಬ ಗಂಡನನ್ನು ಹೊರಡಿಸಿಕೊಂಡು ಸಿರಾಕ್ಕೆ ಹೋದಳು. ಮುಸಲ್ಮಾನರ ಮನೆಗೆ ಹೋಗುವುದೇ ಎಂದು ನೆಂಟರಲ್ಲಿ ಗುಸುಗುಸು ಎದ್ದಾಗ ಸರ್ವಮಂಗಳಮ್ಮನೇ, "ಮಗೀನ ಕಾಯ್ಲೆ ಯಾವ್ ಜಾತಿ ನೋಡಿ ಬತ್ತದೆ? ಹೋಗ್ಬರ್ಲಿ ಬುಡ್ರಿ" ಎಂದು ಬಾಯಿ ಮುಚ್ಚಿಸಿದಳು. ಕಲಂದರನ ಹೆಂಡತಿ ಕುಲ್ಸುಮ್ ಜಗಲಿಯ ಮೇಲೆ ಹೊಸ ಚಾಪೆ ಹಾಸಿ ಕೂರಿಸಿ, ಹಿಂದೂ ನೆರೆಮನೆಯಿಂದ ಮಜ್ಜಿಗೆ ತರಿಸಿ ಕೊಟ್ಟಳು. ಒಳಗಿನಿಂದ ಬಂದ ಹಮೀದಾ ಸರಸಳ ವಯಸ್ಸಿನವಳೇ, ಹಣೆಯ ಮೇಲೆ ಬಿದ್ದ ಗಾಯಗಳ ಗುರುತು.

ಇಲ್ಲಿ ಊಟದ ತೊಡಕಿರಲಿಲ್ಲ. ಮೊಟ್ಟೆ, ಕುರಿಯ ಕೊಬ್ಬು, ಮಾಂಸ ಎಲ್ಲ ನಡೆಯುತ್ತಿತ್ತು. ಡಾಕ್ಟರು ಒಪ್ಪಿ, ಹಮೀದಾಳನ್ನೂ ಮಧುಗಿರಿಗೆ ಕರೆಸಿಕೊಂಡು ಶುರುಮಾಡಿಸಿದರು. ನೇರಳೆ ಉಂಗುರ ಸರಸಳದ್ದಕ್ಕಿಂತ ಗಾಢವಾಗಿ ಬಂತು. ಕುಲ್ಸುಮ್ ಒಂದು ತುತ್ತೂ ತಪ್ಪದಂತೆ ನೋಡಿಕೊಂಡಳು. ಹಬ್ಬದ ದಿನ ಶ್ಯಾವಿಗೆಯ ಪಾಯಸ, ಆ ಶೀರ್‌ಖುರ್ಮಾ, ಮಾಡುವುದನ್ನೇ ಬಿಟ್ಟಳು. ತಿಂಗಳುಗಳು ಕಳೆದವು. ಹಮೀದಾ ಬೀಳುವುದು ನಿಲ್ಲಲಿಲ್ಲ, ಕಡಿಮೆಯೂ ಆಗಲಿಲ್ಲ. ಮಗು ಸೊರಗುತ್ತಾ ಬಂದಾಗ ಡಾಕ್ಟರೇ ಸಾಕು ಎಂದರು.

ಸುದ್ದಿ ಕೇಳಿ ಜಗದಾಂಬ ಸಿರಾಕ್ಕೆ ಓಡಿದಳು. ಜಗಲಿಯ ಮೇಲೆ ಕುಳಿತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಕುಲ್ಸುಮ್ ಅವಳ ಪಕ್ಕದಲ್ಲಿ ಬಂದು ಕುಳಿತು, "ಅಕ್ಕಾ, ನೀವ್ಯಾಕೆ ಅಳ್ತೀರಾ? ನೀವು ಬಂದ್ರಿ. ಇಷ್ಟು ವರ್ಷ್ದಾಗೆ ಈ ಮಗೂ ಸಲುವಾಗಿ ಯಾರು ಬಂದಿದ್ರು?" ಎಂದಳು.

ಅಲ್ಲಿಂದ ಜಗದಾಂಬ ನೇರ ಮಧುಗಿರಿಗೆ ಹೋಗಿ ಡಾಕ್ಟರ ಮುಂದೆ ನಿಂತಳು. "ನಮ್ ಸರಸಂಗೆ ನಿಲ್ತು. ಅವ್ರ್ ಹಮೀದಾಗೆ ಯಾಕ್ ನಿಲ್ಲಲಿಲ್ಲ?"

"ಗೊತ್ತಿಲ್ಲಮ್ಮಾ."

"ಅಂಗಾದ್ರೆ ನಮ್ ಸರಸಂಗೆ ಯಾಕ್ ನಿಲ್ತು ಅನ್ನಾದೂ ನಿಮಗ್ ಗೊತ್ತಿಲ್ಲ ಅಂತಾಯ್ತಲ್ಲ?"

ನಂದೀಶ್ವರಯ್ಯನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹೌದು," ಎಂದರು. "ಅದೇ ಸತ್ಯ. ಯಾರಿಗೂ ಗೊತ್ತಿಲ್ಲ. ಮೇಲ್ಮೇಲೆ ಒಂದು ಕಥೆ ಕಟ್ಟಿ ನಿಮಗೆ ಹೇಳಿದೆ, ಒಲೆ, ಸೌದೆ ಅಂತ. ಅದರೊಳಗೆ ಇನ್ನೂ ಏನೋ ಇದೆ." ಜಗದಾಂಬಳಿಗೆ ಅದರಿಂದ ಸಿಟ್ಟು ಬರಲಿಲ್ಲ. ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳಿದ ದೊಡ್ಡ ಮನುಷ್ಯರನ್ನು ತಾನು ಕಂಡದ್ದು ಕಡಿಮೆ ಎಂದು ಅವಳು ಮಗಳಿಗೆ ಹೇಳುತ್ತಿದ್ದಳಂತೆ. ಹಮೀದಾಳಿಗೆ ಡಾಕ್ಟರು ಲ್ಯೂಮಿನಲ್ ಎಂಬ ಮಾತ್ರೆ ಕೊಟ್ಟರು. ಅದರಿಂದ ಅರ್ಧಕ್ಕರ್ಧ ಕಡಿಮೆಯಾಯಿತು. ಪೂರ್ತಿ ಹೋಗಲಿಲ್ಲ. ಎರಡು ಮನೆಗಳ ನಡುವೆ ಹೋಗಿಬರುವುದು ಮಾತ್ರ ನಿಲ್ಲಲಿಲ್ಲ. ಡಾಕ್ಟರಿಗೆ ಬೇರೆ ಕಡೆಗೆ ವರ್ಗವಾದ ಮೇಲೂ.

ಯುದ್ಧ ಮುಗಿದ ಮರುವರ್ಷ ಸರಸಳಿಗೆ ಗಂಡು ಹುಡುಕಿದರು. ಹಳೆಯ ಕಾಯಿಲೆಯ ಮಾತು ಎತ್ತಬೇಡ ಎಂದು ನೆಂಟರೆಲ್ಲ ಬುದ್ಧಿ ಹೇಳಿದರು. ಜಗದಾಂಬ ಕೇಳಲಿಲ್ಲ. ಮೊದಲು ಬಂದ ಸಂಬಂಧದವರು ವಿಷಯ ಕೇಳಿ, ತಾಂಬೂಲವನ್ನೂ ತೆಗೆದುಕೊಳ್ಳದೆ ಎದ್ದರು. ಆಮೇಲೆ ಪಾವಗಡದಿಂದ ಅಡವಯ್ಯ ಎಂಬ ಶಾಲಾಮಾಸ್ತರ ಕಡೆಯವರು ಬಂದರು. ಜಗದಾಂಬ ಅವರಿಗೂ ಹೇಳಿದಳು. ಅಡವಯ್ಯನ ತಾಯಿ ತನ್ನ ತೆಲುಗು ಬೆರೆತ ಮಾತಿನಲ್ಲಿ, "ಮಳ್ಳೀ ಅದು ಬಂದ್ರೆ ಏನ್ ಮಾಡೇದಮ್ಮಾ?" ಎಂದು ಕೇಳಿದಳು.

"ಮತ್ತೆ ಬಂದ್ರೂ ಬರ್ಬೌದು. ಬರಲ್ಲ ಅಂತ ನಾನು ಆಣೆ ಮಾಡಲ್ಲ. ಏನ್ ಮಾಡ್ಬೇಕು ಅಂತ ಅವ್ಳನ್ನೇ ಕೇಳಿ" ಎಂದಳು ಜಗದಾಂಬ.

ಬಾಗಿಲ ಮರೆಯಲ್ಲಿದ್ದ ಸರಸ ಮುಂದೆ ಬಂದಳು. "ಪಕ್ಕಕ್ಕೆ ತಿರುಗಿಸಿ ಮಲಗಿಸ್ಬೇಕು. ಬಾಯಿಗೆ ಏನೂ ತುರುಕ್ಬಾರ್ದು, ಕೈಗೆ ಕಬ್ಬಿಣ ಬ್ಯಾಡ. ಹತ್ರ ಕೂತಿರ್ಬೇಕು, ಎಚ್ಚರ ಆಗೋಗಂಟ."

"ಅಂತೇನಾ? ಇಷ್ಟೇನಾ?" ಎಂದಳು ಆ ಹೆಂಗಸು. ಗಂಡನತ್ತ ತಿರುಗಿ ಆಗಲಿ ಎಂದು ತಲೆಯಾಡಿಸಿದಳು. ಮಾತು ಮುಗಿಯಿತು.

ಮದುವೆಗೆ ಸಿರಾದವರೂ ಬಂದಿದ್ದರು. ಚಪ್ಪರದ ಜನಜಂಗುಳಿಯಲ್ಲಿ, ಓಲಗದ ಸದ್ದಿನಲ್ಲಿ, ಹಮೀದಾ ಬಿದ್ದಳು. ಯಾರೋ ಕಬ್ಬಿಣ ಕಬ್ಬಿಣ ಎಂದು ಕೂಗಿದರು. ಕುಲ್ಸುಮ್ ಅವಳನ್ನು ಪಕ್ಕಕ್ಕೆ ತಿರುಗಿಸುವಷ್ಟರಲ್ಲಿ ಗಂಡಿನ ತಾಯಿ ರೇಷ್ಮೆ ಸೀರೆಯಲ್ಲೇ ಬಂದು ನೆಲದ ಮೇಲೆ ಕುಳಿತು, ಹುಡುಗಿಯ ತಲೆಯ ಕೆಳಗೆ ತನ್ನ ಕೈ ಇಟ್ಟಿದ್ದಳು.

ಧಾರೆ ಮುಗಿದ ಮೇಲೆ ಜಗದಾಂಬ ಒಳಕೋಣೆಗೆ ಹೋದಳು. ಎಚ್ಚರವಾಗಿದ್ದ ಹಮೀದಾ ಗೋಡೆಗೊರಗಿ ಕುಳಿತು, ಮದುವೆ ಕೆಡಿಸಿದೆನೆಂದು ಅಳುತ್ತಿದ್ದಳು. ಜಗದಾಂಬ ಅವಳ ಕಣ್ಣೊರೆಸಿ, ನೀರು ಕುಡಿಸಿ, ಹತ್ತಿರ ಸರಿದು ಕುಳಿತಳು.

"ನಂ ಸರಸ ಆಗ ಚಿಕ್ಕೋಳು, ಅವ್ಳಿಗೆ ಹೇಳಕ್ಕೆ ಬತ್ತಿರ್ಲಿಲ್ಲ. ನೀನು ದೊಡ್ಡೋಳಾಗಿದ್ದೀಯ. ಅದು ಬರೋಕ್ ಮುಂಚೆ ಹೆಂಗಾಯ್ತದೆ, ಮಗಾ?"

ಹಾಗೆಂದು ಹಮೀದಾಳನ್ನು ಯಾರೂ ಕೇಳಿರಲಿಲ್ಲ. ಅವಳು ಸ್ವಲ್ಪ ಯೋಚಿಸಿದಳು. "ಹೊಟ್ಟೆ ಒಳ್ಗಿಂದ ಏನೋ ಮೇಲಕ್ಕೆ ಏಳ್ತದೆ ದೊಡ್ಡಮ್ಮಾ. ಉಯ್ಯಾಲೆ ಕೆಳ್ಗೆ ಬರ್ತದಲ್ಲಾ, ಅಂಗೆ. ಆಮೇಲೆ ಎಲ್ಲಾ ಮೊದ್ಲೇ ನೋಡಿದಂಗೆ ಕಾಣ್ತದೆ."

"ಎಲ್ಲಾನೂವಾ? ನನ್ನೂವಾ?"

"ನಿಮ್ಮನ್ನೂ" ಎಂದು ಹಮೀದಾ ನಕ್ಕಳು. ಜಗದಾಂಬ ಇನ್ನೂ ಹತ್ತಿರ ಸರಿದು, ಇನ್ನೊಂದು ಪ್ರಶ್ನೆ ಕೇಳಿದಳು.